ಮಾಸಿದ ಮುಚ್ಚಳ, ಮಾಸದ ಬಣ್ಣ: ಹಳೆಯ ಗ್ಯಾಸ್ ಗ್ರಿಲ್ ಕಲಿಸಿದ ಎನಾಮಲ್ ಪಾಠ

ಬಳಸಿದ ಸರಕನ್ನು ಕೊಂಡು, ಸರಿಪಡಿಸಿ, ಮಾರುವ ವ್ಯಾಪಾರದಲ್ಲಿ ಗಿರಾಕಿಯ ಕಣ್ಣು ಮೊದಲು ಬೀಳುವುದು ಹೊರಮೈಯ ಮೇಲೆ. ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಮೈ ಮಾಸಿದ್ದರೆ ಬೆಲೆ ಇಳಿಯುತ್ತದೆ. ಮೈ ಹೊಳೆಯುತ್ತಿದ್ದರೆ ಒಳಗಿನ ದೋಷ ಮರೆಯಾಗುತ್ತದೆ. ಆದ್ದರಿಂದ ಹೊರಮೈ ಏಕೆ ಮಾಸಿತು, ಮತ್ತೆ ಮೊದಲಿನಂತಾಗುವುದು ಸಾಧ್ಯವೇ ಎಂಬ ಪ್ರಶ್ನೆಗಳು ನೇರವಾಗಿ ಲಾಭನಷ್ಟಕ್ಕೆ ಸಂಬಂಧಿಸಿದವು. ಈ ಪ್ರಶ್ನೆಗಳಿಗೆ ತನಗೆ ಉತ್ತರ ಗೊತ್ತಿದೆಯೆಂದು ಈ ಲೇಖಕ ಬಹುಕಾಲ ನಂಬಿದ್ದ. ಪೀಣ್ಯದಲ್ಲಿ ಮೂವತ್ತು ವರ್ಷ ಪೌಡರ್ ಕೋಟಿಂಗ್ ಘಟಕ ನಡೆಸಿದವನಿಗೆ ಬಣ್ಣದ ವಿಷಯದಲ್ಲಿ ಕಲಿಯಲು ಇನ್ನೇನು ಉಳಿದೀತು ಎಂಬ ಹಮ್ಮು ಇತ್ತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆ ಹಮ್ಮನ್ನು ಇಳಿಸಿದ್ದು ಅಮೆರಿಕದಲ್ಲಿ ಕಂಡ ಒಂದು ಹಳೆಯ ಗ್ಯಾಸ್ ಗ್ರಿಲ್.

ತೊಂಬತ್ತು ಡಾಲರಿನ ಗ್ರಿಲ್

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಚಿಕಾಗೋ ಸಮೀಪದ ಊರೊಂದರಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಮನೆಯ ಹಿತ್ತಿಲಿನಲ್ಲಿ ಗ್ರಿಲ್ ಇಲ್ಲದ ಸಂಸಾರ ಅಪರೂಪ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹಿತ್ತಿಲೇ ಅಡುಗೆಮನೆ. ಮಾಂಸ ಸುಡುವವರು ಮಾಂಸ ಸುಡುತ್ತಾರೆ. ನಮ್ಮವರ ಮನೆಗಳಲ್ಲಿ ಅದೇ ಜಾಲರಿಯ ಮೇಲೆ ಮುಸುಕಿನ ಜೋಳ, ಗೊಜ್ಜಿಗೆಂದು ಸುಡುವ ಬದನೆಕಾಯಿ, ಪನೀರ್ ತುಂಡುಗಳು ಬೇಯುತ್ತವೆ.

ಈ ಚಿಕಾಗೋ ಸೀಮೆಗೂ ಗ್ರಿಲ್‌ಗೂ ಹಳೆಯ ನಂಟಿದೆ. 1952ರಲ್ಲಿ ಅಲ್ಲಿನ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬುವರು, ತಮ್ಮ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ತೇಲುಬುರುಡೆಯ ಲೋಹದ ಗೋಳವನ್ನು ಎರಡು ಹೋಳು ಮಾಡಿ, ಒಂದಕ್ಕೆ ಕಾಲು ಕೊಟ್ಟು, ಇನ್ನೊಂದನ್ನು ಮುಚ್ಚಳವಾಗಿಸಿ ಮುಚ್ಚಳವುಳ್ಳ ಗ್ರಿಲ್ ರೂಪಿಸಿದರು. ಅದರಿಂದ ಬೆಳೆದ ಸಂಸ್ಥೆ 1985ರಲ್ಲಿ ಜೆನೆಸಿಸ್ ಎಂಬ ಗ್ಯಾಸ್ ಗ್ರಿಲ್ ಅನ್ನು ಮಾರುಕಟ್ಟೆಗೆ ತಂದಿತು. ಮುಚ್ಚಳಕ್ಕೆ ಪಿಂಗಾಣಿ ಎನಾಮಲ್ ಲೇಪ ಕೊಡುವುದು ಈ ಉದ್ಯಮದಲ್ಲಿ ವಾಡಿಕೆ. ಮಳೆ, ಹಿಮ, ಬೆಂಕಿ, ಜಿಡ್ಡು ಇವೆಲ್ಲವನ್ನೂ ಒಂದೇ ಮೈ ತಾಳಿಕೊಳ್ಳಬೇಕಾದಾಗ ಸಾಮಾನ್ಯ ಬಣ್ಣ ಸಾಲದು.

ಅಳಿಯಂದಿರು ಬಳಸಿದ ಸಾಮಾನು ಮಾರುವ ಅಂಗಡಿಯೊಂದರಿಂದ ಕಡು ಹಸಿರು ಮುಚ್ಚಳದ ಗ್ರಿಲ್ ಒಂದನ್ನು ತೊಂಬತ್ತು ಡಾಲರಿಗೆ ಕೊಂಡು ತಂದರು. ಅಂಗಡಿಯಲ್ಲಿ ಅದು ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಮೊದಲ ದಿನ ಉರಿ ಹಚ್ಚಿದಾಗ ಮುಚ್ಚಳದ ಹೊರಮೈಯಿಂದ ತೆಳುವಾದ ಹೊಗೆ ಎದ್ದಿತು. ಹಳೆಯ ಎಣ್ಣೆ ಸುಟ್ಟ ವಾಸನೆ ಬಂದಿತು. ಎರಡು ಬಾರಿ ಬಳಸಿ, ಒಂದು ಮಳೆ ಬಿದ್ದ ಮೇಲೆ ನೋಡಿದರೆ ಮುಚ್ಚಳ ಬೂದಿ ಬಳಿದಂತೆ ಮಂಕಾಗಿತ್ತು. ನೆತ್ತಿಯ ಭಾಗದಲ್ಲಿ ಹಸಿರು ಎನ್ನುವುದೇ ಅನುಮಾನ. ಒಂದು ಪಕ್ಕದಲ್ಲಿ ಸುಣ್ಣದ ಚುಕ್ಕೆಗಳಂತಹ ಬಿಳಿಯ ಕಲೆಗಳು.

“ಮಾವ, ಬಣ್ಣವೆಲ್ಲ ಬಿಸಿಲಿಗೆ ಹೋಗಿದೆ. ಶಾಖ ತಡೆಯುವ ಸ್ಪ್ರೇ ಬಣ್ಣ ತಂದು ಹೊಡೆದುಬಿಡೋಣವೇ?” ಎಂದು ಅಳಿಯಂದಿರು ಕೇಳಿದರು. ನಾನೂ ಹೌದೆಂದೇ ತಲೆಯಾಡಿಸಿದೆ. ಪೌಡರ್ ಕೋಟಿಂಗ್ ಆದ ಗೇಟು, ಕಿಟಕಿಗಳು ಬಿಸಿಲಿನಲ್ಲಿ ಸುಣ್ಣದ ಪುಡಿಯಂತಾಗುವುದನ್ನು ಎಷ್ಟೋ ಬಾರಿ ಕಂಡವನು ನಾನು. ಆ ಮೈಯನ್ನು ಉಜ್ಜಿ ಮತ್ತೆ ಬಣ್ಣ ಹಚ್ಚುವುದೊಂದೇ ದಾರಿಯೆಂಬುದು ನನ್ನ ಮೂವತ್ತು ವರ್ಷಗಳ ಅನುಭವ. ಆದರೆ ಈ ಮುಚ್ಚಳದ ಮೇಲಿದ್ದುದು ಪೌಡರ್ ಕೋಟಿಂಗ್ ಆಗಿರಲಿಲ್ಲ. ಎಮರಿ ಕಾಗದ ಕೈಗೆತ್ತಿಕೊಳ್ಳುವ ಮೊದಲು ಮುಚ್ಚಳವನ್ನೊಮ್ಮೆ ತೊಳೆದು ನೋಡೋಣವೆಂದು ನೀರು ಸುರಿದೆ. ನೀರು ಹರಿದಲ್ಲೆಲ್ಲ ಅದೇ ಕಡು ಹಸಿರು ಮತ್ತೆ ಕಾಣಿಸಿಕೊಂಡಿತು. ನೀರು ಆರಿದೊಡನೆ ಮತ್ತೆ ಬೂದಿ. ಬಣ್ಣ ಹೋಗಿದ್ದರೆ ನೀರಿಗೆ ಮರಳಿ ಬರುವುದು ಹೇಗೆ?

ಗಾಜೇ ಬಣ್ಣ

ಉತ್ತರ ತಿಳಿಯಬೇಕಾದರೆ ಎನಾಮಲ್ ಏನೆಂಬುದನ್ನು ತಿಳಿಯಬೇಕು. ಪಿಂಗಾಣಿ ಎಂದೊಡನೆ ನಮಗೆ ನೆನಪಾಗುವುದು ಚಹಾದ ಬಟ್ಟಲು, ವಿದ್ಯುತ್ ಕಂಬದ ಇನ್ಸುಲೇಟರ್. ಅವು ಜೇಡಿಮಣ್ಣಿನಿಂದ ಆದವು. ಬೆಂಗಳೂರಿನ ಹಳೆಯ ಸರ್ಕಾರಿ ಪಿಂಗಾಣಿ ಕಾರ್ಖಾನೆಯ ಹೆಸರು ಕೇಳಿದ ಹಿರಿಯ ಸದಸ್ಯರಿಗೆ ಇದು ಗೊತ್ತಿರುವ ಸಂಗತಿ. ಪಿಂಗಾಣಿ ಎನಾಮಲ್ ಎಂಬ ಹೆಸರಿನಲ್ಲಿ ಪಿಂಗಾಣಿ ಇದ್ದರೂ ಅದು ಉಕ್ಕಿನ ಮೇಲೆ ಕರಗಿಸಿ ಅಂಟಿಸಿದ ಗಾಜು. ಜೈಪುರದ ಮೀನಾಕಾರಿ ಆಭರಣದಲ್ಲಿ ಚಿನ್ನದ ಮೇಲೆ ಬಣ್ಣದ ಗಾಜು ಕೂರುವುದೂ ಇದೇ ತತ್ವದಿಂದ.

ಸಿಲಿಕಾ, ಬೋರಾಕ್ಸ್, ಫೆಲ್ಡ್‌ಸ್ಪಾರ್, ಸೋಡಾ ಮೊದಲಾದವನ್ನು ಕುಲುಮೆಯಲ್ಲಿ ಕರಗಿಸಿ, ಒಮ್ಮೆಲೇ ತಣಿಸಿದರೆ ಅದು ಹರಳು ಹರಳಾಗಿ ಒಡೆಯುತ್ತದೆ. ಇದಕ್ಕೆ ಫ್ರಿಟ್ ಎಂದು ಹೆಸರು. ಇದನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿಯೋ ಒಣ ಪುಡಿಯಾಗಿಯೋ ಉಕ್ಕಿನ ತಗಡಿನ ಮೇಲೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಸುಡುತ್ತಾರೆ. ತಳದ ಪದರದಲ್ಲಿ ಕೋಬಾಲ್ಟ್, ನಿಕಲ್ ಆಕ್ಸೈಡ್‌ಗಳಿದ್ದು ಅವು ಗಾಜನ್ನು ಉಕ್ಕಿಗೆ ಬಿಗಿಯಾಗಿ ಹಿಡಿಸುತ್ತವೆ. ಅದರ ಮೇಲೆ ಬಣ್ಣದ ಪದರ. ಎರಡೂ ಸೇರಿ ದಪ್ಪ ಮಿಲಿಮೀಟರಿನ ಹತ್ತನೆಯ ಒಂದರಿಂದ ಮೂರು ಭಾಗದಷ್ಟು.

ನಮ್ಮ ಪೌಡರ್ ಕೋಟಿಂಗ್ 180ರಿಂದ 200 ಡಿಗ್ರಿಯಲ್ಲಿ ಬೇಯುವ ಪ್ಲಾಸ್ಟಿಕ್ ಜಾತಿಯ ರಾಳ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ರಾಳದ ಬಂಧಗಳು ಒಡೆಯುತ್ತವೆ. ಆಗ ಮೇಲ್ಮೈ ಪುಡಿಯಾಗುತ್ತದೆ. ಗಾಜಿಗೆ ಆ ಭಯವಿಲ್ಲ. ಎನಾಮಲಿನ ಬಣ್ಣಗಳು ಲೋಹದ ಆಕ್ಸೈಡ್‌ಗಳಂತಹ ಖನಿಜ ವರ್ಣದ್ರವ್ಯಗಳಾಗಿದ್ದು, ಕುಲುಮೆಯ ಶಾಖವನ್ನೇ ತಾಳಿಕೊಂಡು ಬಂದವು. ಕೋಬಾಲ್ಟಿನಿಂದ ನೀಲಿ, ಕ್ರೋಮಿಯಮ್ಮಿನಿಂದ ಹಸಿರು. ಇಂತಹ ಬಣ್ಣ ಹಿತ್ತಿಲಿನ ಬಿಸಿಲಿಗೆ ಹಾರಿಹೋಗುವಂತಹುದಲ್ಲ. ಕ್ಯಾಡ್ಮಿಯಂ ಇರುವ ಕೆಂಪು, ಹಳದಿಗಳು ಮಾತ್ರ ಇವುಗಳಷ್ಟು ಗಟ್ಟಿಗರಲ್ಲ.

ಹಾಗಾದರೆ ಮಾಸುವುದು ಯಾವುದು?

ಹೊಳಪು ಎಂಬುದು ಮೇಲ್ಮೈಯ ನಯದಿಂದ ಬರುವ ಗುಣ. ನಯವಾದ ಗಾಜಿನ ಮೇಲೆ ಬಿದ್ದ ಬೆಳಕು ಕನ್ನಡಿಯಲ್ಲಿ ಪ್ರತಿಫಲಿಸಿದಂತೆ ಒಂದೇ ದಿಕ್ಕಿಗೆ ಹೋಗುತ್ತದೆ. ಉಳಿದ ಬೆಳಕು ಒಳಹೊಕ್ಕು ಬಣ್ಣವನ್ನು ಹೊತ್ತು ತರುತ್ತದೆ. ಮೇಲ್ಮೈ ತರಿತರಿಯಾದರೆ ಅಥವಾ ಅದರ ಮೇಲೆ ಬೇರೆ ಪದರ ಕುಳಿತರೆ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಆಗ ಕಣ್ಣಿಗೆ ಬಿಳಿಚಿದಂತೆ ಕಾಣುತ್ತದೆ. ನೀರು ಆ ತರಿಗಳನ್ನು ತುಂಬಿ ತಾತ್ಕಾಲಿಕವಾಗಿ ನಯ ಕೊಡುತ್ತದೆ. ಆದ್ದರಿಂದಲೇ ನೀರು ಬಿದ್ದಾಗ ಬಣ್ಣ ಮರಳಿ ಬಂದಿದ್ದು. ಎಣ್ಣೆ ಸವರಿದರೂ ಅದೇ ಪರಿಣಾಮ. ಅದು ಬೇಗ ಆರುವುದಿಲ್ಲವಷ್ಟೆ. ಅಂಗಡಿಯವರು ಮಾಡಿದ್ದು ಅದನ್ನೇ ಎಂಬುದು ಆಗ ನಮಗೆ ಹೊಳೆಯಿತು.

ಮಂಕಾದ ಎನಾಮಲ್ ಮುಚ್ಚಳದ ಹಿಂದೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

ಮೊದಲನೆಯದು, ಹೊಗೆ ಮತ್ತು ಜಿಡ್ಡು ಸುಟ್ಟು ಕುಳಿತ ತೆಳುಪದರ. ಪ್ರತಿ ಬಾರಿ ಬಿಸಿಯಾದಾಗಲೂ ಇದು ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೆಯದು, ಗಡಸು ನೀರಿನ ಖನಿಜ ಕಲೆ. ಹುಲ್ಲುಹಾಸಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪಕ್ಕದಲ್ಲಿದ್ದರೆ ಬಿಸಿ ಮುಚ್ಚಳದ ಮೇಲೆ ಬಿದ್ದ ಹನಿ ಆರಿ ಸುಣ್ಣದ ಚುಕ್ಕೆ ಉಳಿಯುತ್ತದೆ. ಮೂರನೆಯದು, ಗಾಜಿನ ಮೇಲ್ಮೈಯೇ ಸವೆದಿರುವುದು. ಮಳೆಯ ಆಮ್ಲೀಯತೆ, ಪಕ್ಷಿಗಳ ಹಿಕ್ಕೆ ಮೊದಲಾದವು ದೀರ್ಘಕಾಲದಲ್ಲಿ ಗಾಜಿನೊಳಗಿನ ಕ್ಷಾರಾಂಶವನ್ನು ಹೊರಗೆಳೆದು ಮೈಯನ್ನು ಒರಟಾಗಿಸುತ್ತವೆ. ನಾಲ್ಕನೆಯದು, ಹಿಂದಿನ ಮಾಲೀಕರು ಉಕ್ಕಿನ ನಾರಿನಿಂದ ಉಜ್ಜಿ ಮಾಡಿದ ಗೀರುಗಳು.

ಮೂರನೆಯ ಕಾರಣದ ಬಗ್ಗೆ ಅಮೆರಿಕದಲ್ಲಿ ದೀರ್ಘ ಅಧ್ಯಯನಗಳು ನಡೆದಿವೆ. ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್, ಅಂದರೆ 1988ರಿಂದ ನಿಸ್ಟ್ ಎಂದು ಕರೆಯಲಾಗುತ್ತಿರುವ ಸಂಸ್ಥೆ, ಎನಾಮಲ್ ಫಲಕಗಳನ್ನು ಬೇರೆ ಬೇರೆ ಹವೆಯ ಊರುಗಳಲ್ಲಿ ವರ್ಷಗಟ್ಟಲೆ ಬಯಲಿನಲ್ಲಿರಿಸಿ ಹೊಳಪು ಮತ್ತು ಬಣ್ಣ ಎಷ್ಟು ಉಳಿಯುತ್ತದೆಂದು ಅಳೆಯಿತು. ಆಮ್ಲವನ್ನು ತಡೆಯಬಲ್ಲ ಎನಾಮಲ್ ಹವೆಯನ್ನೂ ತಡೆಯುತ್ತದೆ ಎಂಬುದು ಅದರಿಂದ ದೊರೆತ ಮುಖ್ಯ ತಿಳಿವಳಿಕೆ. ಈಗಲೂ ಆ ಉದ್ಯಮದಲ್ಲಿ ಶೇ. 10ರ ಸಿಟ್ರಿಕ್ ಆಮ್ಲದ ಹನಿಗಳನ್ನು 15 ನಿಮಿಷ ಎನಾಮಲಿನ ಮೇಲಿರಿಸಿ, ಉಳಿದ ಗುರುತನ್ನು ನೋಡಿ, ಎ-ಎ ಇಂದ ಡಿ ವರೆಗೆ ದರ್ಜೆ ಕೊಡುವ ಪದ್ಧತಿಯಿದೆ. ಒಂದೇ ಹಿತ್ತಿಲಿನಲ್ಲಿ ಒಂದೇ ವಯಸ್ಸಿನ ಎರಡು ಗ್ರಿಲ್‌ಗಳಲ್ಲಿ ಒಂದು ಹೊಳೆಯುತ್ತ, ಇನ್ನೊಂದು ಮಂಕಾಗಿರಲು ಈ ದರ್ಜೆಯ ವ್ಯತ್ಯಾಸವೂ ಒಂದು ಕಾರಣ.

ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆ

ವ್ಯಾಪಾರಿಯು ಬೆಲೆ ಹೇಳುವ ಮೊದಲೇ ಐದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆಗಳು ಇವು.

1. ಒರೆಸುವ ಪರೀಕ್ಷೆ: ಸಾಬೂನು ನೀರಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಅಂಗೈಯಗಲ ಒರೆಸಬೇಕು. ಬಟ್ಟೆಗೆ ಎಣ್ಣೆ ಹತ್ತಿ, ಒರೆಸಿದ ಜಾಗ ಸುತ್ತಲಿಗಿಂತ ಮಂಕಾದರೆ ಕಾಣುತ್ತಿರುವ ಹೊಳಪು ಎಣ್ಣೆಯದು.

2. ನೀರಿನ ಪರೀಕ್ಷೆ: ತೊಳೆದ ಜಾಗಕ್ಕೆ ನೀರು ಹಾಕಿ ನೋಡಬೇಕು. ಬಣ್ಣ ತುಂಬಿ ಕಂಡರೆ ವರ್ಣದ್ರವ್ಯ ಭದ್ರವಾಗಿದೆ. ತೊಂದರೆ ಮೇಲ್ಮೈಯದು ಮಾತ್ರ.

3. ತಿನ್ನರ್ ಪರೀಕ್ಷೆ: ಕಾಣದ ಮೂಲೆಯಲ್ಲಿ ಹತ್ತಿಗೆ ಅಸಿಟೋನ್ ಹಚ್ಚಿ ಉಜ್ಜಬೇಕು. ಹತ್ತಿಗೆ ಬಣ್ಣ ಬಂದರೆ ಅಥವಾ ಮೈ ಮೆತ್ತಗಾದರೆ ಅದು ಬಣ್ಣ ಇಲ್ಲವೇ ಪೌಡರ್ ಕೋಟಿಂಗ್. ಎನಾಮಲ್ ಜಗ್ಗುವುದಿಲ್ಲ. ಮಂಕಾದ ಎನಾಮಲಿನ ಮೇಲೆ ಯಾರೋ ಸ್ಪ್ರೇ ಬಣ್ಣ ಹೊಡೆದಿರುವುದೂ ಇದರಿಂದ ಬಯಲಾಗುತ್ತದೆ.

4. ಅಂಚಿನ ಪರೀಕ್ಷೆ: ಮುಚ್ಚಳದ ಕೆಳ ಅಂಚು, ತಿರುಪಿನ ತೂತು, ಹಿಡಿಯ ಬುಡ ಇಲ್ಲಿ ಬೆರಳಾಡಿಸಿ ನೋಡಬೇಕು. ಎನಾಮಲ್ ಚಕ್ಕೆ ಎದ್ದು ತುಕ್ಕು ಕಾಣಿಸಿದರೆ ಅದಕ್ಕೆ ಪೂರ್ಣ ಪರಿಹಾರವಿಲ್ಲ.

ಶುಚಿಗೊಳಿಸಿದ ಕ್ರಮ

ನಾವು ಕೈಗೊಂಡ ಕೆಲಸವನ್ನು ಅನುಕ್ರಮವಾಗಿ ಹೇಳುವುದು ಉಪಯುಕ್ತ. ಸಿಲಿಂಡರಿನ ವಾಲ್ವ್ ಮುಚ್ಚಿ, ಬೇರ್ಪಡಿಸಿ, ದೂರವಿಟ್ಟೆವು. ಮುಚ್ಚಳ ಪೂರ್ತಿ ತಣ್ಣಗಿರಬೇಕು. ಬಿಸಿ ಎನಾಮಲಿನ ಮೇಲೆ ತಣ್ಣೀರು ಬಿದ್ದರೆ ಗಾಜು ಬಿರುಕು ಬಿಡಬಹುದು. ತಿರುಪು ಬಿಚ್ಚಿ ಮುಚ್ಚಳವನ್ನು ಕಳಚಿ, ಶಾಖಮಾಪಕವನ್ನೂ ಹಿಡಿಯನ್ನೂ ತೆಗೆದಿಟ್ಟೆವು. ಕಳಚಿಟ್ಟ ಮುಚ್ಚಳವನ್ನು ಕಲ್ಲುನೆಲದ ಮೇಲೆ ಇಡಬಾರದು. ಅಂಚಿಗೆ ಬೀಳುವ ಒಂದು ಪೆಟ್ಟು ಸಾಕು, ಚಕ್ಕೆ ಏಳುತ್ತದೆ. ನಾವು ಹಳೆಯ ಕಂಬಳಿ ಹಾಸಿದೆವು.

ಮೊದಲು ಬಿಸಿನೀರು, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಸ್ಪಂಜು. ಇದರಿಂದಲೇ ಅಂಗಡಿಯವರ ಎಣ್ಣೆ ಮತ್ತು ಸಡಿಲ ಜಿಡ್ಡು ಹೋಯಿತು. ಆಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿದೆವು. ಕಂದು ಬಣ್ಣದ ನೀರು ಇಳಿಯತೊಡಗಿತು. ಮುಚ್ಚಳವನ್ನು ಒದ್ದೆಯಾಗಿಟ್ಟುಕೊಂಡೇ ಪ್ಲಾಸ್ಟಿಕ್ ಪಟ್ಟಿಯಿಂದ ಗಟ್ಟಿ ಜಿಡ್ಡನ್ನು ಎಬ್ಬಿಸಿದೆವು. ಉಕ್ಕಿನ ನಾರು, ಎಮರಿ ಕಾಗದಗಳನ್ನು ಹತ್ತಿರ ಸೇರಿಸಲಿಲ್ಲ. ಅವು ಗಾಜಿನ ಮೇಲೆ ಮಾಡುವ ಗೀರು ಮರಳಿ ತುಂಬುವುದಿಲ್ಲ.

ಬಿಳಿಯ ಚುಕ್ಕೆಗಳಿಗೆ ವಿನೆಗರ್ ಬಳಸಿದೆವು. ಬಟ್ಟೆಯನ್ನು ವಿನೆಗರಿನಲ್ಲಿ ನೆನೆಸಿ ಕಲೆಯ ಮೇಲೆ ಎರಡು ಮೂರು ನಿಮಿಷ ಇಟ್ಟರೆ ಸುಣ್ಣ ಕರಗುತ್ತದೆ. ಅದೇ ಆಮ್ಲ ಗಾಜಿಗೂ ಶತ್ರುವಾದ್ದರಿಂದ ಕೂಡಲೇ ತೊಳೆಯಬೇಕು. ರಾತ್ರಿಯಿಡೀ ನೆನೆಹಾಕುವುದು ಸಲ್ಲದು. ತುಕ್ಕಿನ ಕಂದು ಕಲೆಗೆ ಆಕ್ಸಾಲಿಕ್ ಆಮ್ಲ ಬೆರೆತ ಪಾತ್ರೆ ಪುಡಿಗಳು ಸಹಾಯಕ. ಆದರೆ ಕೈಗವಸು ಬೇಕು. ಮೊದಲು ಮೂಲೆಯಲ್ಲಿ ಪರೀಕ್ಷಿಸಬೇಕು.

ಕೊನೆಯ ಹಂತ ಪಾಲಿಶ್. ವಾಹನದ ಮೈಗೆ ಬಳಸುವ ಅತ್ಯಂತ ನುಣುಪಾದ ಪಾಲಿಶಿಂಗ್ ಕಾಂಪೌಂಡನ್ನು ಮೆತ್ತನೆಯ ಫೋಮಿನಿಂದ, ಕೈಯಲ್ಲೇ, ಸಣ್ಣ ಸುತ್ತುಗಳಲ್ಲಿ ಉಜ್ಜಿ, ಆಮೇಲೆ ಸಾಬೂನು ನೀರಿನಿಂದ ಪೂರ್ತಿ ತೊಳೆದೆವು. ಪಾಲಿಶಿನ ಶೇಷ ಉಳಿದರೆ ಮುಂದಿನ ಉರಿಯಲ್ಲಿ ಅದೂ ಸುಟ್ಟು ಕಲೆಯಾಗುತ್ತದೆ. ಮುಚ್ಚಳದ ಒಳಮೈಗೆ ಪಾಲಿಶ್ ಹಚ್ಚಲೇಬಾರದು. ಅದು ಆಹಾರಕ್ಕೆ ಎದುರಾಗಿರುವ ಭಾಗ. ಒಳಗೆ ಕಪ್ಪು ಹಪ್ಪಳೆಗಳು ಏಳುತ್ತಿದ್ದರೆ ಬಹುತೇಕ ಮಂದಿ ಬಣ್ಣ ಕಿತ್ತುಬರುತ್ತಿದೆಯೆಂದು ಹೆದರುತ್ತಾರೆ. ಸಾಮಾನ್ಯವಾಗಿ ಅದು ಕರಿಕಟ್ಟಿದ ಜಿಡ್ಡು. ಕೆರೆದು ತೊಳೆದರೆ ಹೋಗುತ್ತದೆ.

ನನ್ನಿಂದಾದ ತಪ್ಪು

ಇಲ್ಲಿ ಒಂದು ತಪ್ಪನ್ನು ಬಚ್ಚಿಡದೆ ಹೇಳಬೇಕು. ಸೋಡಾಕ್ಕೆ ಜಗ್ಗದ ಜಿಡ್ಡು ಒಂದೆರಡು ಕಡೆ ಉಳಿದಾಗ, ಬೇಗ ಮುಗಿಸುವ ಆತುರದಲ್ಲಿ ಒಲೆ ಶುಚಿಗೊಳಿಸುವ ಸ್ಪ್ರೇ ತಂದು ಮುಚ್ಚಳಕ್ಕೆಲ್ಲ ಹೊಡೆದೆ. ಅದರಲ್ಲಿ ಕಾಸ್ಟಿಕ್ ಸೋಡಾ ಇತ್ತು. ಮುಚ್ಚಳದ ನಡುಭಾಗ ಎನಾಮಲ್ ಆದರೂ ಎರಡು ಪಕ್ಕದ ಬಿಲ್ಲೆಗಳು ಎರಕದ ಅಲ್ಯೂಮಿನಿಯಂ. ಅವುಗಳ ಮೇಲಿದ್ದುದು ಕೇವಲ ಬಣ್ಣ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಎಂಬುದು ಲೋಹದ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ನೊರೆ ಎದ್ದು, ಬಣ್ಣ ಸುಲಿದು, ಬಿಲ್ಲೆಗಳು ಕಪ್ಪು ಬಿಳಿಯ ಮಚ್ಚೆಯಾದಾಗ ತಕ್ಷಣ ನೀರು ಸುರಿದೆ; ಆದರೂ ಹಾನಿ ಆಗಿಹೋಗಿತ್ತು. “ಅಪ್ಪಾ, ಫ್ಯಾಕ್ಟರಿಯಲ್ಲಿ ಹುಡುಗರು ಹೀಗೆ ಮಾಡಿದ್ದರೆ ನೀವು ಬಿಡುತ್ತಿದ್ದಿರಾ?” ಎಂದು ಮಗಳು ಕೇಳಿದಳು. ಉತ್ತರವಿರಲಿಲ್ಲ.

ಆ ಬಿಲ್ಲೆಗಳನ್ನು ಕಳಚಿ, ಉಜ್ಜಿ, ಗ್ರಿಲ್‌ಗೆಂದೇ ದೊರೆಯುವ ಶಾಖನಿರೋಧಕ ಕಪ್ಪು ಬಣ್ಣ ಹೊಡೆಯಬೇಕಾಯಿತು. ಅಳಿಯಂದಿರು ಮೊದಲು ಹೇಳಿದ ಸ್ಪ್ರೇ ಬಣ್ಣಕ್ಕೆ ಸರಿಯಾದ ಜಾಗ ಇದೇ ಆಗಿತ್ತು. ಒಂದೇ ವಸ್ತುವಿನಲ್ಲಿ ಎರಡು ಮೂರು ಲೋಹ, ಎರಡು ಮೂರು ಲೇಪಗಳಿದ್ದಾಗ ಪ್ರತಿಯೊಂದನ್ನೂ ಬೇರ್ಪಡಿಸಿ ಅದರದರ ಔಷಧ ಕೊಡಬೇಕು ಎಂಬ ಮೂಲಪಾಠವನ್ನು ನಿವೃತ್ತಿಯ ನಂತರ ಮತ್ತೆ ಕಲಿತಂತಾಯಿತು.

ಮರಳಿದ್ದು, ಮರಳದೆ ಉಳಿದದ್ದು

ಎರಡು ದಿನಗಳ ಕೆಲಸದ ಬಳಿಕ ಮುಚ್ಚಳದ ಮುಂಭಾಗ ಮತ್ತು ಪಕ್ಕಗಳು ಕಡು ಹಸಿರಾಗಿ ನಿಂತವು. ಅದು ಒರೆಸಿದರೆ ಹೋಗುವ ಹೊಳಪಾಗಿರಲಿಲ್ಲ. ಆದರೆ ನೆತ್ತಿಯ ಒಂದು ಅಗಲವಾದ ಪಟ್ಟಿ ಎಷ್ಟು ಪಾಲಿಶ್ ಮಾಡಿದರೂ ಅರೆಮಂಕಾಗಿಯೇ ಉಳಿಯಿತು. ಮಳೆ, ಮಂಜು, ಹಿಕ್ಕೆ ಇವೆಲ್ಲ ಹೆಚ್ಚು ಹೊತ್ತು ನಿಲ್ಲುವ ಜಾಗ ಅದೇ. ಅಲ್ಲಿ ಗಾಜೇ ಸವೆದಿತ್ತು. ಇನ್ನಷ್ಟು ಉಜ್ಜಿದರೆ ಬಣ್ಣದ ಪದರವೇ ತೆಳುವಾಗಿ ತಳದ ಪದರ ಇಣುಕುತ್ತದೆಯೆಂದು ಅಲ್ಲಿಗೇ ಕೈಬಿಟ್ಟೆವು.

ಮತ್ತೆ ಎನಾಮಲ್ ಮಾಡಿಸಬಾರದೇ ಎಂದು ಕೆಲವರು ಕೇಳಬಹುದು. ತಾಂತ್ರಿಕವಾಗಿ ಸಾಧ್ಯ. ಹಳೆಯ ಗಾಜನ್ನು ಸ್ಯಾಂಡ್‌ಬ್ಲಾಸ್ಟ್‌ನಿಂದ ಪೂರ್ತಿ ತೆಗೆದು, ಎರಡು ಪದರ ಬಳಿದು, ಮತ್ತೆ 800 ಡಿಗ್ರಿಯ ಕುಲುಮೆಗೆ ಕಳುಹಿಸಬೇಕು. ತೆಳುವಾದ ತಗಡು ಆ ಶಾಖದಲ್ಲಿ ಸೊಟ್ಟಗಾಗುವ ಅಪಾಯವಿದೆ. ಒಂದೇ ಒಂದು ಮುಚ್ಚಳಕ್ಕಾಗಿ ಇಷ್ಟು ಖರ್ಚು ಮಾಡುವ ಬದಲು ತಯಾರಕರಿಂದ ಬದಲಿ ಮುಚ್ಚಳ ತರಿಸುವುದು ಲೇಸು. ಚಕ್ಕೆ ಎದ್ದ ಜಾಗಕ್ಕೆ ಮನೆಬಳಕೆಯ ಎಪಾಕ್ಸಿ ತುಂಬುವುದು ತೊಟ್ಟಿ, ಸಿಂಕುಗಳಿಗೆ ಸರಿ; ಗ್ರಿಲ್‌ನ ಶಾಖಕ್ಕೆ ಅದು ನಿಲ್ಲುವುದಿಲ್ಲ. ಶಾಖನಿರೋಧಕ ಬಣ್ಣ ಹಚ್ಚಿ ತುಕ್ಕನ್ನು ಮುಂದೂಡಬಹುದು, ಅಷ್ಟೆ.

ಕಾರಿನ ಮೇಣ ಹಚ್ಚುವ ಸಲಹೆಯೂ ಕೇಳಿಬರುತ್ತದೆ. ಮೇಣಗಳಲ್ಲಿ ಗಟ್ಟಿಯೆನಿಸಿದ ಕಾರ್ನೌಬಾ ಕೂಡ 80 ಡಿಗ್ರಿ ದಾಟಿದೊಡನೆ ಕರಗುತ್ತದೆ. ಉರಿಯುವ ಗ್ರಿಲ್‌ನ ಮುಚ್ಚಳ ಅದರ ಎರಡರಷ್ಟನ್ನು ಸುಲಭವಾಗಿ ಮೀರುತ್ತದೆ. ಹೀಗಾಗಿ ಮೇಣವೂ ಎಣ್ಣೆಯೂ ಅಂಗಡಿಯಲ್ಲಿ ನಿಂತಿರುವಷ್ಟು ದಿನದ ಹೊಳಪು. ಬಳಕೆಗೆ ಬಂದ ದಿನವೇ ಅವು ಹೊಗೆಯಾಗಿ ಹೋಗುತ್ತವೆ. ಜೊತೆಗೆ ಮಾರಿದವರ ಹೆಸರನ್ನೂ ಕೊಂಡೊಯ್ಯುತ್ತವೆ.

ಹೊಳಪಿಗಿಂತ ಮೊದಲು ಅನಿಲ

ಮುಚ್ಚಳದ ಚೆಲುವಿನಲ್ಲಿ ಮುಳುಗಿ ಮುಖ್ಯವಾದುದನ್ನು ಮರೆಯಬಾರದು. ಬಳಸಿದ ಗ್ರಿಲ್ ಒಂದು ಅನಿಲದ ಉಪಕರಣ. ಮರುಜೋಡಣೆಯ ನಂತರ, ಉರಿ ಹಚ್ಚುವ ಮೊದಲು, ನಾವು ನಮ್ಮ ಊರಿನಲ್ಲಿ ಮಾಡುವಂತೆಯೇ ರೆಗ್ಯುಲೇಟರ್ ಮತ್ತು ಕೊಳವೆಯ ಸಂದುಗಳಿಗೆ ಸಾಬೂನು ನೀರು ಹಚ್ಚಿ ವಾಲ್ವ್ ತೆರೆದೆವು. ರಬ್ಬರ್ ಕೊಳವೆ ಬಿರುಕುಬಿಟ್ಟಿದ್ದ ಕಡೆ ಗುಳ್ಳೆ ಎದ್ದಿತು. ಅಷ್ಟು ದಿನ ಆ ಕೊಳವೆಯ ಮೇಲೆಯೇ ಜೋಳ ಸುಟ್ಟಿದ್ದೆವೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಕೊಳವೆಯನ್ನೂ ರೆಗ್ಯುಲೇಟರನ್ನೂ ಒಟ್ಟಿಗೆ ಬದಲಿಸಿದೆವು. ಬರ್ನರಿಗೆ ಗಾಳಿ ಬೆರೆಸುವ ನಳಿಕೆಗಳಲ್ಲಿ ಜೇಡ ಬಲೆ ಕಟ್ಟುವುದು ಅಲ್ಲಿ ಸಾಮಾನ್ಯ. ಅದರಿಂದ ಉರಿ ಹಿಂದಕ್ಕೆ ತಿರುಗುವ ಅಪಾಯವಿದೆ. ಅವನ್ನೂ ಶುಚಿಗೊಳಿಸಿದೆವು. ಮುಚ್ಚಳಕ್ಕೆ ಎಣ್ಣೆ ಸವರಲು ಸಮಯ ಕಂಡುಕೊಂಡ ಅಂಗಡಿಯವರು ಕೊಳವೆಯನ್ನು ನೋಡಲು ಸಮಯ ಕಂಡುಕೊಂಡಿರಲಿಲ್ಲ.

ನಮ್ಮ ವ್ಯಾಪಾರಿಗಳಿಗೆ ಇದರ ಪ್ರಯೋಜನ

ಹಿತ್ತಿಲಿನ ಗ್ಯಾಸ್ ಗ್ರಿಲ್ ನಮ್ಮಲ್ಲಿ ಇನ್ನೂ ಮನೆಮಾತಾಗಿಲ್ಲ. ಆದರೆ ಎನಾಮಲ್ ನಮಗೆ ಹೊಸದಲ್ಲ. ಗ್ಯಾಸ್ ಒಲೆಯ ಮೇಲೆ ಪಾತ್ರೆ ಕೂರುವ ಕಪ್ಪು ಆಧಾರಗಳು, ಗಾಜು ಲೇಪಿತ ಗೀಸರಿನ ಒಳತೊಟ್ಟಿ, ಒವನ್ನಿನ ಒಳಗೋಡೆ, ಆಸ್ಪತ್ರೆಯ ಹಳೆಯ ಬೇಸಿನ್ನುಗಳು, ಹಳೆಯ ರಸ್ತೆಗಳ ನೀಲಿ ಬಿಳಿ ನಾಮಫಲಕಗಳು, ಅಜ್ಜಿಯ ಕಾಲದ ಹೂವಿನ ತಟ್ಟೆಗಳು ಇವೆಲ್ಲ ಇದೇ ಕುಲದವು. ಹಳೆಯ ಫಲಕ, ತಟ್ಟೆಗಳನ್ನು ಈಗ ಸಂಗ್ರಾಹಕರು ಕೊಳ್ಳುತ್ತಾರೆ. ಹೋಟೆಲುಗಳು ಮುಚ್ಚಿದಾಗ ಹರಾಜಿಗೆ ಬರುವ ಒಲೆ, ಒವನ್ನುಗಳನ್ನು ಸರಿಪಡಿಸಿ ಮಾರುವವರು ನಮ್ಮ ನಡುವೆಯೇ ಇದ್ದಾರೆ. ಇಂತಹ ಸರಕಿನಲ್ಲಿ ಕೆಳಗಿನ ವಿಂಗಡಣೆಯನ್ನು ಪಾಲಿಸಿದರೆ ಕೊಳ್ಳುವ ಬೆಲೆಯೂ ಮಾರುವ ಮಾತೂ ನಿಖರವಾಗುತ್ತವೆ.

• ಮೇಲೆ ಕುಳಿತ ಜಿಡ್ಡು ಮತ್ತು ಮಸಿ: ಪೂರ್ತಿ ಮರಳುತ್ತದೆ. ಇಲ್ಲಿ ಖರ್ಚು ಶ್ರಮದ್ದು ಮಾತ್ರ. ಲಾಭಕ್ಕೆ ಅವಕಾಶವಿರುವುದು ಇಂತಹ ಸರಕಿನಲ್ಲೇ.

• ಸುಣ್ಣ ಮತ್ತು ತುಕ್ಕಿನ ಕಲೆ: ಬಹುಪಾಲು ಮರಳುತ್ತದೆ. ಆಮ್ಲದ ಬಳಕೆಯಲ್ಲಿ ಎಚ್ಚರ ಅಗತ್ಯ.

• ಸವೆದ ಗಾಜು: ಭಾಗಶಃ ಮಾತ್ರ ಮರಳುತ್ತದೆ. ಇದನ್ನು ಗಿರಾಕಿಗೆ ಮೊದಲೇ ತಿಳಿಸಿ ಬೆಲೆ ಹೇಳಬೇಕು.

• ಎದ್ದ ಚಕ್ಕೆ, ಆಳದ ಗೀರು: ಮರಳುವುದಿಲ್ಲ. ಬದಲಿ ಭಾಗದ ಬೆಲೆಯನ್ನು ಕಳೆದೇ ಕೊಳ್ಳಬೇಕು.

ತಯಾರಕರಿಗೂ ಇಲ್ಲೊಂದು ಸೂಚನೆಯಿದೆ. ಬಯಲಿನಲ್ಲಿ ನಿಲ್ಲುವ ಎನಾಮಲ್ ಸರಕನ್ನು ಮಾಡಿಸುವಾಗ ಬಣ್ಣದ ಮಾದರಿಯನ್ನಷ್ಟೇ ನೋಡಿ ಒಪ್ಪದೆ, ಆಮ್ಲನಿರೋಧದ ದರ್ಜೆಯನ್ನು ಖರೀದಿ ಆದೇಶದಲ್ಲೇ ಬರೆಯುವುದು ಕ್ಷೇಮ. ಹತ್ತು ವರ್ಷಗಳ ಬಳಿಕ ತಮ್ಮ ಸರಕು ಹಳೆಯ ಸಾಮಾನಿನ ಅಂಗಡಿಯಲ್ಲಿ ಹೇಗೆ ಕಾಣುತ್ತದೆ ಎಂಬುದೂ ತಯಾರಕರ ಹೆಸರಿಗೆ ಸಂಬಂಧಿಸಿದ ವಿಷಯವೇ.

ಆ ಗ್ರಿಲ್‌ನ ಕಥೆ ಮುಂದೆ ಹೀಗಾಯಿತು. ಎರಡು ಬೇಸಿಗೆ ಬಳಸಿದ ಮೇಲೆ, ಕೆಲಸದ ನಿಮಿತ್ತ ಬೇರೆ ರಾಜ್ಯಕ್ಕೆ ಹೋಗಬೇಕಾಗಿ ಬಂದಾಗ ಅಳಿಯಂದಿರು ಅದನ್ನು ಮಾರಲು ನಿರ್ಧರಿಸಿದರು. ನೋಡಲು ಬಂದ ವೃದ್ಧರೊಬ್ಬರಿಗೆ ಮುಚ್ಚಳವನ್ನು ಒಣಗಿಯೇ ತೋರಿಸಿ, ನೆತ್ತಿಯ ಪಟ್ಟಿ ಸವೆದಿದೆ, ಇದು ಮರಳುವುದಿಲ್ಲ, ಪಕ್ಕದ ಬಿಲ್ಲೆಗಳಿಗೆ ನಾವೇ ಬಣ್ಣ ಹಚ್ಚಿದ್ದೇವೆ, ಕೊಳವೆ ಮತ್ತು ರೆಗ್ಯುಲೇಟರ್ ಬದಲಿಸಿ ಎರಡು ವರ್ಷವಾಗಿದೆ ಎಂದು ಇದ್ದುದನ್ನು ಇದ್ದಂತೆ ಹೇಳಿದರಂತೆ. ಅವರು ಬೆರಳಿನಿಂದ ಮುಚ್ಚಳವನ್ನೊಮ್ಮೆ ಒರೆಸಿ, ಬೆರಳನ್ನು ನೋಡಿಕೊಂಡು, ಚೌಕಾಸಿ ಮಾಡದೆ ತೊಂಬತ್ತು ಡಾಲರ್ ಎಣಿಸಿ ಕೊಟ್ಟರು. ಕೊಂಡ ಬೆಲೆಗೇ ಮಾರಾಟವಾಯಿತು. ಆ ವೃದ್ಧರ ಬೆರಳಿಗೆ ಎಣ್ಣೆ ಹತ್ತಲಿಲ್ಲ ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದಾಗ, ಅಲ್ಯೂಮಿನಿಯಂ ಬಿಲ್ಲೆ ಕೆಡಿಸಿದ ಸಂಕಟ ನನಗೆ ಸ್ವಲ್ಪ ಹಗುರವಾಯಿತು.